ನರ್ಸಿಂಗ್ ಓದೋರ ಟೆನ್ಶನ್ನು: ಯಾವುದು ಅಂತ ಹಿಡೀರಿ, ಆಮ್ಯಾಲ ಬಿಡಿಸ್ರಿ

"ಅಕ್ಕಾ, ಭಾಳ ಟೆನ್ಶನ್ ಆಗೇತ್ರಿ" ಅಂತ ಜೂನಿಯರ್ಸ್ ಬಂದ್ರ ನಾ ಮೊದ್ಲ ಕೇಳೋದು ಯಾವ ಟೆನ್ಶನ್ನವ್ವಾ ಅಂತ. ವಾರ್ಡಿಂದೋ, ಓದಿಂದೋ, ಹಾಸ್ಟೆಲ್ಲಿಂದೋ, ಮನಿಯಿಂದ ಬರೋ ಫೋನಿಂದೋ, ಎಲ್ಲಾ ಕಲಸಿ ಟೆನ್ಶನ್ ಅಂದ್ರ ಯಾವುದಕ್ಕೂ ದಾರಿ ಸಿಗಂಗಿಲ್ಲ. ಇವತ್ತ ರಾತ್ರಿ ನೋಟ್‌ಬುಕ್ಕಿನ ಹಿಂದಿನ ಹಾಳ್ಯಾಗ ಬರೀರಿ, "ಕೇರ್ ಪ್ಲಾನ್ ಬಾಕಿ" (ಪೇಶಂಟಿನ ಆರೈಕಿ ಹೆಂಗ ಅಂತ ಬರಿಯೋದು), "ನಾಳೆ ಕ್ಯಾನುಲಾ ಹಾಕೋದೈತಿ" (ಡ್ರಿಪ್ ಹಚ್ಚಾಕ ನರದಾಗ ಹಾಕೋ ಸಣ್ಣ ನಳಿಗಿ), ಹಿಂಗ. "ನಾ ಪಾಸ್ ಆಗ್ತೀನೋ ಇಲ್ಲೋ" ಅಂತ ಬರೀಬ್ಯಾಡ್ರಿ, ಯಾವ ಸಬ್ಜೆಕ್ಟು, ಯಾವ ಯೂನಿಟ್ಟು ಅಂತ ಬರೀರಿ.

ಕೈ ನಡುಗೋದು ಎಲ್ಲಾರ್ಗೂ ಇರ್ತೈತಿ. ಸ್ಕಿಲ್ ಲ್ಯಾಬ್‌ನ್ಯಾಗ ಡಮ್ಮಿ ಮ್ಯಾಲ ಮಾಡುವಾಗ ಒಂದೊಂದು ಸ್ಟೆಪ್ಪೂ ಬಾಯಿಬಿಟ್ಟು ಹೇಳ್ಕೋತ ಮಾಡ್ರಿ, ವಾರ್ಡಿನ್ಯಾಗ "ಸಿಸ್ಟರ್, ಇದು ನನ್ನ ಮೊದ್ಲನೇ ಸಲ, ಬಾಜೂಕ ನಿಂದರ್ರಿ" ಅಂತ ಕೇಳ್ರಿ, ನಾಚ್ಕೋಬ್ಯಾಡ್ರಿ. ನವಲಗುಂದದ ಕಡಿಂದ ಬಂದ ಅಜ್ಜಿ ಕೈ ಹಿಡದ್ರ ತೊಗಲು ತೆಳ್ಳಗ, ನರ ಸೂಜಿ ಕಂಡ ಕೂಡ್ಲೆ ಅತ್ಲಾಗ ಇತ್ಲಾಗ ಸರೀತೈತಿ. ಹೆಬ್ಬಟ್ಟಿಲೆ ತೊಗಲು ಕೆಳಗ ಬಿಗಿಯಾಗಿ ಎಳದು ಹಿಡದ್ರ ನರ ನಿಲ್ತೈತಿ. "ಹೊಸಾಕಿ ಏನವ್ವಾ?" ಅಂತ ಕೇಳೇ ಕೇಳ್ತಾರ, ಹೂಂ ಅಜ್ಜಿ, ಸಿಸ್ಟರ್ ಇಲ್ಲೇ ಅದಾರ ಅನ್ರಿ, ಅಷ್ಟ.

ಡ್ರಿಪ್ ಲೆಕ್ಕಕ್ಕ ಅಳೋರು ಭಾಳ ಮಂದಿ. 500 ಎಂಎಲ್ ಸಲೈನ್ 4 ತಾಸಿನ್ಯಾಗ ಹೋಗ್ಬೇಕು, ಸೆಟ್ಟು 20 ಹನಿದು (ಅಂದ್ರ 20 ಹನಿ ಬಿದ್ರ 1 ಎಂಎಲ್, ಕವರ್ ಮ್ಯಾಲ ಬರ್ದಿರ್ತೈತಿ), ಅಂದ್ರ 500 ಗುಣಿಸು 20, ಭಾಗಿಸು 240 ನಿಮಿಷ, ನಿಮಿಷಕ್ಕ ಸುಮಾರು 42 ಹನಿ. ಮೈಕ್ರೋ ಸೆಟ್ಟು 60 ಹನಿದು ಇದ್ರ ಇನ್ನೂ ಸಸಾರ, ತಾಸಿಗೆ ಎಷ್ಟು ಎಂಎಲ್ಲೋ ನಿಮಿಷಕ್ಕ ಅಷ್ಟ ಹನಿ. ದಿನಾ ಊಟಕ್ಕ ಕುಂಡ್ರೋಕಿಂತ ಮುಂಚೆ ಒಂದು ಲೆಕ್ಕ ಮಾಡಿದ್ರ ಸಾಕು. ಕನ್ನಡ ಮೀಡಿಯಮ್ಮಿನವರು ಪುಸ್ತಕ ಇಡೀ ಬಾಯಿಪಾಠ ಹೊಡ್ಯೋಕಿಂತ ದಿನಾ ಒಬ್ಬ ಪೇಶಂಟಿನ ಫೈಲ್ ಪೂರಾ ಓದ್ರಿ, ಅದ ಬಾಯಿಗೆ ಬರ್ತೈತಿ.

ಪೇಶಂಟಿಗೆ ಹಾಕಿದ ಸೂಜಿ ನಿಮ್ಮ ಕೈಗೆ ಚುಚ್ಚಿದ್ರ ಮುಚ್ಚಿಡಬ್ಯಾಡ್ರಿ, ಬೈತಾರಂತ ಮುಚ್ಚಿಟ್ಟು ರಾತ್ರಿ ಇಡೀ ಎದ್ದು ಕುಂಡ್ರೋರದಾರ. ಹರಿಯೋ ನೀರಾಗ ಸಾಬೂನು ಹಚ್ಚಿ ತೊಳೀರಿ, ಹಿಂಡಬ್ಯಾಡ್ರಿ, ಕೂಡ್ಲೆ ಇನ್‌ಚಾರ್ಜಿಗೆ ಹೇಳ್ರಿ. ಎಚ್‌ಐವಿ ತಡಿಯೋ ಮಾತ್ರಿ ಬೇಕಾದ್ರ ಎಷ್ಟು ಲಗೂ ಶುರು ಮಾಡ್ತಾರೋ ಅಷ್ಟು ಛಲೋ, 72 ತಾಸು ದಾಟಬಾರ್ದು. ಹೆಪಟೈಟಿಸ್ ಬಿ ಲಸಿಕಿ ಮೂರೂ ಡೋಸ್ ಆಗ್ಯಾವೋ ಇಲ್ಲೋ ಇವತ್ತ ನೋಡ್ಕೊಳ್ರಿ.

ನೈಟ್ ಡ್ಯೂಟಿ ಇದ್ರ ಮಧ್ಯಾಹ್ನ ಮಲ್ಕೊಂಡು ಹೋಗ್ರಿ, ನಸುಕಿನ್ಯಾಗ ಚಹಾ ಬಿಡ್ರಿ, ಇಲ್ಲಾಂದ್ರ ಮುಂಜಾನೆ ರೂಮಿಗೆ ಬಂದ್ರೂ ಕಣ್ಣು ಮುಚ್ಚಂಗಿಲ್ಲ. ಧಾರವಾಡದಿಂದ ಹುಬ್ಬಳ್ಳಿಗೆ ಚಿಗರಿ ಬಸ್ಸಿನ್ಯಾಗ ಓಡಾಡೋರು ಆ ಹೊತ್ತಿನ್ಯಾಗ ರೀಲ್ಸ್ ನೋಡಬ್ಯಾಡ್ರಿ, ಕಣ್ಣು ಮುಚ್ಚಿ ಕುಂಡ್ರಿ. ಸಂಜಿಕ ಗಿರ್ಮಿಟ್ ತಿನ್ರಿ, ಆದ್ರ ಅದನ್ನ ರಾತ್ರಿ ಊಟ ಅನ್ನಬ್ಯಾಡ್ರಿ.

ಇನ್ನ ಬೈಗಳ. ಔಷಧಿ ತಪ್ಪಿದ್ದಕ್ಕ ಬೈದ್ರ ಸುಮ್ನ ತಗೊಳ್ರಿ, ಅದು ಪೇಶಂಟಿನ ಜೀವದ ಮಾತು. ಎಲ್ಲಾರ ಮುಂದ ಜಾತಿ, ಊರು, ಬಣ್ಣ ತಗದು ಬೈದ್ರ ತಾರೀಖು ಹಾಕಿ ಬರ್ದಿಟ್ಟು ಕ್ಲಾಸ್ ಮೇಡಮ್‌ಗೆ ಹೇಳ್ರಿ, ಒಬ್ಬರ ಹೋಗಬ್ಯಾಡ್ರಿ, ಗೆಳತಿನ್ನ ಕರ್ಕೊಂಡು ಹೋಗ್ರಿ. ಬೈಸ್ಕೊಂಡ್ರ ಕಲೀತಾರ ಅನ್ನೋ ಮಾತು ನಾ ಅಂತೂ ಒಪ್ಪಂಗಿಲ್ಲ.

ಎರಡು ವಾರ ಆದ್ರೂ ನಿದ್ದಿ ಇಲ್ಲ, ಊಟ ಸೇರವಲ್ದು, ಸುಮ್‌ಸುಮ್ನ ಅಳು ಬರ್ತೈತಿ ಅಂದ್ರ ಇದು ಟೈಮ್‌ಟೇಬಲ್ಲಿಲೆ ಸರಿಹೋಗೋದಲ್ಲ, ಡಾಕ್ಟರಿಗೆ ತೋರಸ್ರಿ. ಸಾಯೋ ವಿಚಾರ ಬಂದ್ರ ಅಂತೂ ಎರಡು ವಾರ ಕಾಯಬ್ಯಾಡ್ರಿ, ಅವಾಗ್ಲೇ ಸರ್ಕಾರದ ಮನಸ್ಸಿನ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416ಕ್ಕ ಫೋನ್ ಹಚ್ಚ್ರಿ, ಹಗಲು ರಾತ್ರಿ ಇರ್ತೈತಿ, ರೊಕ್ಕ ಇಲ್ಲ, ಕನ್ನಡದಾಗ ಮಾತಾಡ್ತಾರ, ರೂಮಿನ್ಯಾಗ ಒಬ್ರ ಇರಬ್ಯಾಡ್ರಿ. ತೋರಸಾಕ ಧಾರವಾಡದಾಗ ಡಿಮ್ಹಾನ್ಸ್ ಐತಿ, ಮನಸ್ಸಿನ ಕಾಯಿಲಿ ನೋಡೋ ಸರ್ಕಾರಿ ಆಸ್ಪತ್ರಿ. ಪೋಸ್ಟಿಂಗಿಗೆ (ಟ್ರೇನಿಂಗ್ ಡ್ಯೂಟಿಗೆ) ಹೋಗೋ ಜಾಗಾಕ್ಕ ಪೇಶಂಟ್ ಆಗಿ ಹೆಂಗ ಹೋಗೋದ್ರಿ ಅಂತ ಒಬ್ಬಾಕಿ ಕೇಳಿದ್ಲು, ಜ್ವರ ಬಂದ್ರ ನಿಮ್ಮ ಆಸ್ಪತ್ರಿಯಾಗ ತೋರಸ್ತೀರಿಲ್ಲೋ, ಹಂಗ ಅಂದೆ. ಗದಗ, ಹಾವೇರಿ ಕಡಿಂದ ಬರೋರು ಮುಂಜಾನೆ ಲಗೂನ ಬಂದು ಒಪಿಡಿ ಚೀಟಿ ಮಾಡಸ್ರಿ, ಮೊದ್ಲ ತಗೊಂಡ ಮಾತ್ರಿ ಏನರ ಇದ್ರ ಅದರ ಚೀಟಿನೂ ಸಂಗಾಟ ತರ್ರಿ.