ಜಪಾನಿ ಫಲ್ ಕೊಂಡಿರಾ? ಕಚ್ಚುವ ಮೊದಲು ಒತ್ತಿ ನೋಡಿ

ದೀಪಾವಳಿ ಹೊತ್ತಿಗೆ ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆ ಹೋದಾಗ ಹಣ್ಣಿನ ಬಂಡಿಯ ಮೇಲೆ ಸೇಬು, ಸೀತಾಫಲದ ನಡುವೆ ಕಿತ್ತಳೆ ಬಣ್ಣದ್ದೊಂದು ರಾಶಿ ಕಂಡಿತು. ದೂರಕ್ಕೆ ಥೇಟ್ ಟೊಮೆಟೊ. ಹತ್ತಿರ ಹೋದರೆ ತಲೆ ಮೇಲೆ ಬದನೆಕಾಯಿ ತೊಟ್ಟಿನಂಥ ನಾಲ್ಕು ಒಣ ಎಸಳು. ನಾನು ಟೊಮೆಟೊ ರೇಟು ಕೇಳಿದೆ. ಬಂಡಿಯವ ನಕ್ಕ.

"ಟೊಮೆಟೊ ಅಲ್ರೀ ಅಕ್ಕಾರ, ಜಪಾನಿ ಫಲ್. ತಿಂದ್ ನೋಡ್ರಿ, ಸಕ್ರಿ ಇದ್ದಂಗ ಅದ."

ಮನೆಗೆ ಬಂದು ತೊಳೆದು, ಒಂದು ದೊಡ್ಡ ತುಂಡು ಕಚ್ಚಿದೆ. ಸಕ್ಕರೆ ಎಲ್ಲಿಂದ ಬರಬೇಕು! ಒಂದು ಕ್ಷಣ ಸಿಹಿ ಅನ್ನಿಸಿದ್ದೇ ತಡ, ಬಾಯಿ ತುಂಬ ಒಗರು. ನಾಲಿಗೆಗೆ ಗೋಣಿಚೀಲ ಸುತ್ತಿದ ಹಾಗೆ. ಎರಡು ಲೋಟ ನೀರು ಕುಡಿದರೂ ಬಿಡಲಿಲ್ಲ. ತಪ್ಪು ಹಣ್ಣಿನದ್ದಲ್ಲ, ನನ್ನದೇ. ಅದು ಇನ್ನೂ ಕಾಯಿ.

ಇಂಗ್ಲಿಷಿನಲ್ಲಿ ಇದಕ್ಕೆ ಪರ್ಸಿಮನ್ ಅನ್ನುತ್ತಾರೆ. ಮೂಲ ಚೀನಾ, ಹೆಸರು ಮಾಡಿದ್ದು ಜಪಾನಿನಲ್ಲಿ. ನಮ್ಮ ದೇಶದಲ್ಲಿ ಹಿಮಾಚಲದ ಕುಲ್ಲು ಕಡೆ ಬೆಳೆಯುತ್ತಾರೆ. ಹೆಸರು ಹೊಸದಾದರೂ ಇದು ನಮಗೆ ಪೂರ್ತಿ ಪರದೇಶಿ ಏನಲ್ಲ. ಚಿಂಚೋಳಿ ಕಡೆಯವರಿಗೆ ಗೊತ್ತಿರುವ ತುಮರಿ ಹಣ್ಣು ಇದೆಯಲ್ಲ, ಎಲೆ ಕಿತ್ತು ಬೀಡಿ ಕಟ್ಟುತ್ತಾರಲ್ಲ, ಅದೇ ಮರ. ಅದೂ ಇದೂ ಒಂದೇ ಕುಲ. ತುಮರಿ ಕಾಯಿ ಕಚ್ಚಿ ಮುಖ ಕಿವುಚಿದವರಿಗೆ ಈ ಒಗರೂ ಗುರುತು ಸಿಗುತ್ತದೆ.

ಮೊದಲು ಆಕಾರ ನೋಡಿ

ಬಂಡಿ ಮುಂದೆ ನಿಂತಾಗಲೇ ಅರ್ಧ ಕೆಲಸ ಮುಗಿಸಬಹುದು. ಇದರಲ್ಲಿ ಮುಖ್ಯವಾಗಿ ಎರಡು ಬಗೆ. ಚಪ್ಪಟೆಯಾಗಿ, ಟೊಮೆಟೊ ಥರ ಕೂತಿದ್ದರೆ ಅದು ಹೆಚ್ಚಾಗಿ ಫುಯು ಜಾತಿ. ಗಟ್ಟಿ ಇರುವಾಗಲೇ ಸೇಬಿನಂತೆ ಹೆಚ್ಚಿ ತಿನ್ನಬಹುದು. ಬುಡ ಚೂಪಾಗಿ, ಹೃದಯದ ಆಕಾರದಲ್ಲಿದ್ದರೆ ಹಚಿಯಾ. ಇದನ್ನು ಗಟ್ಟಿ ಇರುವಾಗ ಮುಟ್ಟಬೇಡಿ. ಆದರೆ ಬಂಡಿಯಲ್ಲಿ ಎಲ್ಲ ಕಲಸಿ ಇಟ್ಟಿರುತ್ತಾರೆ, ಆಕಾರವೊಂದನ್ನೇ ನಂಬಿದರೆ ಮೋಸ ಹೋಗಬಹುದು. ಗೊತ್ತಾಗದಿದ್ದರೆ ಹಚಿಯಾ ಅಂತಲೇ ತಿಳಿದು ಕಾಯುವುದು ಕ್ಷೇಮ.

ಆಮೇಲೆ ಒತ್ತಿ

ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ. ಹಚಿಯಾ ತಿನ್ನಲು ಬಂದಿದ್ದರೆ ನೀರು ತುಂಬಿದ ಬಲೂನಿನ ಹಾಗೆ ಅಲುಗುತ್ತದೆ. ಕೊಳೆತಿದೆ ಅಂತ ಎಸೆಯಬೇಕು ಅನ್ನಿಸುವಷ್ಟು ಮೆತ್ತಗೆ. ಸಿಪ್ಪೆ ತೆಳ್ಳಗಾಗಿ ಒಳಗಿನ ತಿರುಳು ಕಾಣುವಂತಿರುತ್ತದೆ. "ಸ್ವಲ್ಪ ಮೆತ್ತಗಿದೆ, ಸಾಕು" ಅನ್ನುವುದೇ ಎಲ್ಲರೂ ಮಾಡುವ ತಪ್ಪು. ಸ್ವಲ್ಪ ಸಾಲದು.

ಒಗರು ಬರುವುದು ಟ್ಯಾನಿನ್‌ನಿಂದ. ಕಡಕ್ ಚಹಾ ಕುಡಿದಾಗ ಬಾಯಿ ಒಣಗುತ್ತದಲ್ವಾ, ಆ ಗುಂಪಿನದ್ದೇ. ಅದು ಜೊಲ್ಲಿನಲ್ಲಿರುವ ಪ್ರೋಟೀನಿಗೆ ಅಂಟಿಕೊಂಡು ಜೊಲ್ಲಿನ ಜಾರಿಕೆಯನ್ನೇ ಕಿತ್ತುಕೊಳ್ಳುತ್ತದೆ. ಹಣ್ಣಾಗುತ್ತಾ ಹೋದಂತೆ ಟ್ಯಾನಿನ್ ಕರಗದ ಗಂಟಾಗುತ್ತದೆ. ಹಣ್ಣಿನಲ್ಲೇ ಇರುತ್ತದೆ, ನಾಲಿಗೆಗೆ ತಾಗುವುದಿಲ್ಲ ಅಷ್ಟೆ.

ಗಟ್ಟಿ ಇದ್ದರೆ ಹಣ್ಣು ಮಾಡಿ

ಕಾಗದದ ಚೀಲದಲ್ಲಿ ಎರಡು ಬಾಳೆಹಣ್ಣಿನ ಜೊತೆ ಹಾಕಿ, ಬಾಯಿ ಮಡಚಿ, ಅಡುಗೆಮನೆಯ ಮೂಲೆಯಲ್ಲಿಡಿ. ಬಾಳೆಹಣ್ಣು ಬಿಡುವ ಎಥಿಲೀನ್ ಅನಿಲ ಇದನ್ನೂ ಮಾಗಿಸುತ್ತದೆ. ಮೂರು ನಾಲ್ಕು ದಿನ ಬೇಕು, ತೀರಾ ಗಟ್ಟಿ ಇದ್ದರೆ ಜಾಸ್ತಿ. ತೊಟ್ಟು ಮೇಲಿದ್ದರೆ ಚೂಪು ತುದಿ ತಾನೇ ಭಾರಕ್ಕೆ ಒಡೆಯುತ್ತದೆ, ಅದಕ್ಕೇ ತೊಟ್ಟು ಕೆಳಗೆ ಮಾಡಿ ಇಡಿ. ತಾಳ್ಮೆ ಇಲ್ಲದವರಿಗೆ ಇನ್ನೊಂದು ದಾರಿ: ರಾತ್ರಿಯಿಡೀ ಫ್ರೀಜರ್‌ನಲ್ಲಿಟ್ಟು, ಬೆಳಿಗ್ಗೆ ಹೊರಗೆ ತೆಗೆದು ಕರಗಲು ಬಿಡಿ. ಒಗರು ಬಹುಪಾಲು ಇಳಿಯುತ್ತದೆ. ತಿರುಳು ಮಾತ್ರ ಮುದ್ದೆಯಾಗುತ್ತದೆ. ನನಗೆ ಅದು ಅಷ್ಟು ಹಿಡಿಸಲಿಲ್ಲ, ಮಕ್ಕಳು ಐಸ್‌ಕ್ರೀಮ್ ಅಂತ ತಿಂದರು.

ಈಗ ರುಚಿ ನೋಡಿ

ಊಟವಾದ ಮೇಲೆ ತಿನ್ನಿ, ಖಾಲಿ ಹೊಟ್ಟೆಯಲ್ಲಿ ಬೇಡ. ಅರೆಬರೆ ಹಣ್ಣನ್ನು ಖಾಲಿ ಹೊಟ್ಟೆಯಲ್ಲಿ ಜಾಸ್ತಿ ತಿಂದರೆ ಟ್ಯಾನಿನ್ ಹೊಟ್ಟೆಯಲ್ಲೇ ಹೆಪ್ಪುಗಟ್ಟಿ ಗಂಟಾಗುವುದುಂಟು. ಹೊಟ್ಟೆಯ ಆಪರೇಷನ್ ಆದವರು ಇದರ ಗೋಜಿಗೆ ಹೋಗದಿರುವುದೇ ಒಳ್ಳೆಯದು. ಸಕ್ಕರೆ ಕಾಯಿಲೆ ಇದ್ದವರು ಡಾಕ್ಟರನ್ನು ಕೇಳಿ. ಸಿಹಿ ಚೆನ್ನಾಗಿಯೇ ಇದೆ.

ತೊಟ್ಟಿನ ಎಸಳು ಕಿತ್ತು, ಚಪ್ಪಟೆ ಹಣ್ಣನ್ನು ಅಡ್ಡಡ್ಡ ಕತ್ತರಿಸಿ. ನಡುವೆ ರಂಗೋಲಿ ಹಾಕಿದಂಥ ಹೂವು ಕಾಣುತ್ತದೆ. ಒಳಗೆ ಕಂದು ಚುಕ್ಕೆ ಕಂಡರೆ ಕೆಟ್ಟಿದೆ ಅಂದುಕೊಳ್ಳಬೇಡಿ, ಹೆಚ್ಚಾಗಿ ಅದೇ ಗಂಟಾದ ಟ್ಯಾನಿನ್. ಹಚಿಯಾ ಆದರೆ ತುದಿ ಕತ್ತರಿಸಿ, ಚಮಚದಿಂದ ತಿರುಳು ಬಗೆದು ತಿನ್ನಿ. ಬೀಜ ಸಿಕ್ಕರೆ ಉಗುಳಿ, ಚಿಕ್ಕ ಮಕ್ಕಳಿಗೆ ಕೊಡುವಾಗ ಮೊದಲೇ ತೆಗೆಯಿರಿ.

ಮೊದಲ ಸಲ ಉಗುರಿನಷ್ಟು ತುಂಡು ಸಾಕು. ಬಾಯಿ ತುರಿಸಿದರೆ, ತುಟಿ ಊದಿದರೆ ಅಲ್ಲಿಗೇ ನಿಲ್ಲಿಸಿ. ಉಸಿರಾಟಕ್ಕೆ ಕಷ್ಟವಾದರೆ ತಕ್ಷಣ ಆಸ್ಪತ್ರೆಗೆ ಹೋಗಿ. ಏನೂ ಆಗದಿದ್ದರೆ ಮರುದಿನ ಇನ್ನೊಂದು ತುಂಡು. ಹಾಗೂ ಒಗರು ಹತ್ತಿದರೆ ನೀರಿಗಿಂತ ಒಂದು ಲೋಟ ಹಾಲೋ, ಎರಡು ಚಮಚ ಮೊಸರೋ ಮೇಲು. ಟ್ಯಾನಿನ್ ಹಾಲಿನ ಪ್ರೋಟೀನಿಗೆ ಅಂಟಿಕೊಂಡು ನಾಲಿಗೆಯನ್ನು ಬಿಡುತ್ತದೆ.

ನಾಲ್ಕನೇ ದಿನ ಚೀಲದಿಂದ ತೆಗೆದ ಹಣ್ಣನ್ನು ಅವ್ವನಿಗೆ ಚಮಚದ ಜೊತೆ ಕೊಟ್ಟೆ. ಅನುಮಾನದಿಂದಲೇ ಬಾಯಿಗಿಟ್ಟಳು. "ತುಮರಿ ಹಣ್ಣಿಗೆ ಬೆಲ್ಲ ಕಲಸ್ದಂಗ ಅದ" ಅಂದಳು. ಚಮಚ ಮಾತ್ರ ವಾಪಸ್ ಕೊಡಲಿಲ್ಲ.