ಭತ್ತದ ತರಬೇತಿಯಲ್ಲಿ ಕಲಿತದ್ದು, ಉಳಿಸಿಕೊಂಡದ್ದು

ಕನ್ನಂಬಾಡಿ ಕಟ್ಟೆಯ ನೀರು ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯಲ್ಲಿ ಹರಿದು ನಮ್ಮ ಗದ್ದೆ ಮುಟ್ಟುವಷ್ಟರಲ್ಲಿ ಮೇಲಿನವರು ನಾಟಿ ಮುಗಿಸಿರುತ್ತಾರೆ. ಜಮೀನು ಎರಡು ಎಕರೆಗೆ ತುಸು ಕಡಿಮೆ. ತರಬೇತಿಗೆ ಹೋಗಿ ಬಂದ ಮೇಲೆ ಇಳುವರಿ ಎಷ್ಟು ಹೆಚ್ಚಿತು ಎಂದು ಕೇಳುವವರಿಗೆ ನನ್ನ ಉತ್ತರ ಸಪ್ಪೆ ಅನ್ನಿಸುತ್ತದೆ: ಒಳ್ಳೆಯ ವರ್ಷ ಎಕರೆಗೆ ಎರಡು ಮೂರು ಕ್ವಿಂಟಲ್, ಕೆಟ್ಟ ವರ್ಷ ಏನೂ ಇಲ್ಲ. ಆದರೆ ಗೊಬ್ಬರ-ಔಷಧಿ ಅಂಗಡಿಯ ಸಾಲದ ಪುಸ್ತಕದಲ್ಲಿ ಈಗ ನನ್ನ ಹೆಸರಿಲ್ಲ. ನನ್ನ ಮಟ್ಟಿಗೆ ಆದಾಯ ಹೆಚ್ಚಿದ್ದು ಅಲ್ಲಿ.

ನಮ್ಮದು ಕುರ್ಚಿ ಹಾಕಿ ಭಾಷಣ ಕೇಳಿಸುವ ತರಬೇತಿಯಲ್ಲ, ಕ್ಷೇತ್ರ ಪಾಠಶಾಲೆ. ಇದರ ಮೂಲ ಇಂಡೋನೇಷ್ಯಾದಲ್ಲಿದೆ. ಅಲ್ಲಿ ಔಷಧಿ ಹೊಡೆದಷ್ಟೂ ಭತ್ತದ ರಸ ಹೀರುವ ಕಂದು ಜಿಗಿಹುಳು ಹೆಚ್ಚಿದಾಗ 1986ರಲ್ಲಿ ಸರ್ಕಾರ ಭತ್ತಕ್ಕೆ 57 ಕೀಟನಾಶಕಗಳನ್ನು ನಿಷೇಧಿಸಿತು. 1989ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ನೆರವಿನಿಂದ ಗದ್ದೆಯಲ್ಲೇ ಪಾಠ ಶುರುವಾಯಿತು. ನಮ್ಮಲ್ಲೂ ಅದೇ ಕ್ರಮ. ಬೆಳೆ ಇರುವಷ್ಟು ಕಾಲ ವಾರಕ್ಕೊಮ್ಮೆ ಬೆಳಿಗ್ಗೆ ಒಬ್ಬರ ಗದ್ದೆಗೆ ಇಳಿಯುವುದು, ಅಲ್ಲಲ್ಲಿ ಗುಣಿ (ಪೈರು ನೆಟ್ಟ ಜಾಗ) ಆರಿಸಿ ತೆಂಡೆ (ಬುಡದಿಂದ ಒಡೆದ ಕವಲು) ಎಣಿಸುವುದು, ಬುಡದಲ್ಲಿ ಹುಳು ಎಷ್ಟು, ಜೇಡ ಎಷ್ಟು ನೋಡುವುದು. ಆಮೇಲೆ ಬದುವಿನ ಮೇಲೆ ಕೂತು ದೊಡ್ಡ ಹಾಳೆಯಲ್ಲಿ ಪೈರಿನ ಒಂದು ಬದಿಗೆ ಶತ್ರು ಹುಳು, ಇನ್ನೊಂದು ಬದಿಗೆ ಮಿತ್ರ ಹುಳು ಬರೆಯುವುದು. ಮೀಸೆ ಹಣ್ಣಾದವರು ಬಣ್ಣದ ಪೆನ್ಸಿಲ್ ಹಿಡಿದು ಜೇಡದ ಕಾಲು ಎಣಿಸುವುದನ್ನು ನೋಡಲು ಮಕ್ಕಳು ಬಂದು ನಿಲ್ಲುತ್ತಿದ್ದರು.

ಆ ಹಾಳೆ ನೋಡಿ ಔಷಧಿ ಬೇಕೋ ಬೇಡವೋ ಎಂದು ನಾವೇ ತೀರ್ಮಾನಿಸಬೇಕಿತ್ತು. ಅದಕ್ಕೂ ಮೊದಲು ಆ ತೀರ್ಮಾನ ಅಂಗಡಿಯದ್ದು. ಸಾಲ ಕೊಡುವವನೇ ಸಲಹೆಯನ್ನೂ ಕೊಡುತ್ತಾನೆ. ಬಾಕಿ ಇಟ್ಟುಕೊಂಡು ಅವನ ಮಾತು ಮೀರುವುದು ಹೇಗೆ? ಜಿಗಿಹುಳು ಮೊಟ್ಟೆ ಇಡುವುದು ಎಲೆಯ ಕವಚದ ಒಳಗೆ ಎಂಬುದು ನಮಗೆ ಗೊತ್ತೇ ಇರಲಿಲ್ಲ. ಮೇಲಿಂದ ಹೊಡೆದ ಔಷಧಿ ಆ ಮೊಟ್ಟೆಗೆ ತಾಗುವುದಿಲ್ಲ, ಆದರೆ ಹುಳ ತಿನ್ನುವ ಜೇಡ ಸಾಯುತ್ತದೆ. ಮೊಟ್ಟೆ ಒಡೆದಾಗ ತಿನ್ನುವವರಿಲ್ಲ, ಇನ್ನೊಂದು ಸಲ ಹೊಡೆಯಿರಿ ಅನ್ನುತ್ತಾರೆ. ಈಗ ನಾಟಿ ಮಾಡುವಾಗಲೇ ಎಂಟು ಹತ್ತು ಅಡಿಗೊಂದು ಕಡೆ ಒಂದಡಿ ಓಣಿ ಬಿಡಿಸುತ್ತೇನೆ, ಗಾಳಿ ಬೆಳಕು ಬುಡಕ್ಕೆ ಹೋಗಲಿ ಅಂತ. ಹುಳು ಕಂಡರೆ ಮೊದಲು ನೀರು ಬಸಿಯುತ್ತೇನೆ. ಹೊಡೆಯಲೇಬೇಕಾದರೆ ಬುಡಕ್ಕೆ ಹೊಡೆಯುತ್ತೇನೆ. ಕೆಲವು ವರ್ಷ ಆ ಪ್ರಮೇಯವೇ ಬಂದಿಲ್ಲ.

ಯೂರಿಯಾದ್ದೂ ಹೆಚ್ಚುಕಡಿಮೆ ಇದೇ ಕಥೆ. ಪಕ್ಕದ ಗದ್ದೆ ಕಡುಹಸಿರಾಗಿದ್ದರೆ ನಮ್ಮ ಕೈ ಸುಮ್ಮನಿರುವುದಿಲ್ಲ. ಎಲೆ ಬಣ್ಣದ ಪಟ್ಟಿ ಅಂತ, ತೆಳು ಹಸಿರಿನಿಂದ ಕಡುಹಸಿರಿನವರೆಗೆ ಬಣ್ಣ ಬಳಿದ ಒಂದು ಪ್ಲಾಸ್ಟಿಕ್ ತುಂಡು ಕೊಟ್ಟರು. ಪೂರ್ತಿ ಬಿಚ್ಚಿಕೊಂಡ ತುದಿಯ ಎಲೆಯನ್ನು ನಮ್ಮ ಮೈನೆರಳಲ್ಲಿ ಹಿಡಿದು ಅದಕ್ಕೆ ಹೋಲಿಸಬೇಕು. ಹತ್ತರಲ್ಲಿ ಆರು ಎಲೆ ನಾಲ್ಕನೇ ಬಣ್ಣಕ್ಕಿಂತ ತೆಳುವಿದ್ದರೆ ಮಾತ್ರ ಗೊಬ್ಬರ. ಯೂರಿಯಾ ಅಗ್ಗವೇ, ಉಳಿದ ದುಡ್ಡು ಅಷ್ಟಕ್ಕಷ್ಟೆ. ಆದರೆ ಯೂರಿಯಾ ಉಂಡು ಕೊಬ್ಬಿದ ಪೈರಿಗೇ ಬೆಂಕಿ ರೋಗ, ಜಿಗಿಹುಳು ಮೊದಲು ಬರುವುದು. ಲಾಭ ಇರುವುದು ಅವು ಬಾರದಂತೆ ನೋಡಿಕೊಳ್ಳುವುದರಲ್ಲಿ.

ಕಡಿಮೆ ಬಿತ್ತನೆ, ಕಡಿಮೆ ನೀರಿನಲ್ಲಿ ಭತ್ತ ಬೆಳೆಯುವ ಶ್ರೀ ಪದ್ಧತಿಯ ಬಗ್ಗೆ ಸ್ವಲ್ಪ ಉದ್ದಕ್ಕೇ ಹೇಳಬೇಕು, ಏಕೆಂದರೆ ತರಬೇತಿಯಲ್ಲಿ ಎಲ್ಲರ ಕಣ್ಣೂ ಅದರ ಮೇಲೆ. ಮಡಗಾಸ್ಕರ್‌ನಲ್ಲಿ ಹೆನ್ರಿ ಡಿ ಲೌಲಾನಿ ಎಂಬ ಪಾದ್ರಿ ರೂಪಿಸಿದ್ದು. ಎಂಟರಿಂದ ಹನ್ನೆರಡು ದಿನದ ಪೈರು, ಗುಣಿಗೆ ಒಂದೇ, 25 ಸೆಂ.ಮೀ. ಅಂತರ, ನೀರು ನಿಲ್ಲಿಸದೆ ಒಮ್ಮೆ ಹಾಯಿಸಿ ಒಮ್ಮೆ ಆರಿಸುವುದು. ಎಕರೆಗೆ 25 ಕಿಲೋ ಬಿತ್ತನೆ ಹಾಕುತ್ತಿದ್ದವರಿಗೆ ಎರಡು ಕಿಲೋ ಸಾಕು ಅಂದರೆ ನಂಬಿಕೆ ಬರುತ್ತದೆಯೇ? ಕಾಲು ಎಕರೆಯಲ್ಲಿ ಮಾಡಿ ನೋಡಿದೆ. ನಾಟಿಗೆ ಬಂದ ಹೆಂಗಸರ ಮುಂದಾಳು ಒಟ್ಲು (ಸಸಿಮಡಿ) ನೋಡಿ, "ಅಣ್ಣಯ್ಯ, ಇದೇನು ಪೈರೋ ಗರಿಕೆಯೋ? ನಮ್ ಕೈಗೇ ಸಿಕ್ಕಕಿಲ್ವಲ್ಲ" ಅಂದಳು. ಗುತ್ತಿಗೆಗೆ ಎಕರೆ ಲೆಕ್ಕದಲ್ಲಿ ನಾಟಿ ಹಾಕುವವರು ಅವರು. ಹಗ್ಗ ಹಿಡಿದು ಒಂದೊಂದೇ ಪೈರು ಊರುತ್ತಾ ಕೂತರೆ ಅವರ ದಿನದ ಕೂಲಿ ಹೋಗುತ್ತದೆ. ತರಬೇತಿಗೆ ಕರೆ ಬಂದದ್ದು ಪಹಣಿಯಲ್ಲಿ ಹೆಸರಿದ್ದ ಗಂಡಸರಿಗೆ. ಪೈರು ಮುಟ್ಟುವವರು ಹೆಂಗಸರು. ಆ ಹಾಳೆ, ಪೆನ್ಸಿಲ್ ಅವರ ಕೈಗೂ ಹೋಗಿದ್ದರೆ ಈ ಪದ್ಧತಿ ನಮ್ಮೂರಲ್ಲಿ ಇನ್ನಷ್ಟು ದೂರ ಹೋಗುತ್ತಿತ್ತು ಅನ್ನುವುದು ನನ್ನ ಖಚಿತ ಅಭಿಪ್ರಾಯ.

ನೀರಿನದ್ದು ಇನ್ನೊಂದು ತೊಡಕು. ನಮ್ಮಲ್ಲಿ ಕಟ್ಟು ನೀರು. ಸರದಿ ಬಂದಾಗ ತುಂಬಿಸಿಕೊಳ್ಳಬೇಕು, ಮೇಲಿನ ಗದ್ದೆಯಿಂದ ನಮ್ಮದಕ್ಕೆ, ನಮ್ಮದರಿಂದ ಕೆಳಗಿನದಕ್ಕೆ ಇಳಿಯಬೇಕು. ನಾನು ಗದ್ದೆ ಒಣಗಿಸುತ್ತೇನೆ ಅಂದರೆ ಕೆಳಗಿನವನು ಏನು ಮಾಡಬೇಕು? ಬೋರ್‌ವೆಲ್ ಇದ್ದವರಿಗೆ ಇದು ಸಲೀಸು. ಹಾಗಾಗಿ ನಾನು ಪೂರ್ತಿ ಶ್ರೀ ಪದ್ಧತಿ ಬಿಟ್ಟು ಅದರ ತುಂಡುಗಳನ್ನು ಇಟ್ಟುಕೊಂಡೆ: ಉಪ್ಪುನೀರಲ್ಲಿ ಜೊಳ್ಳು ತೇಲಿಸಿ ಬಿತ್ತನೆ ಆರಿಸುವುದು, ತೆಳುವಾಗಿ ಒಟ್ಲು ಹಾಕುವುದು, ಪೈರು ಬಲಿಯುವ ಮೊದಲೇ ಕಿತ್ತು ಗುಣಿಗೆ ಎರಡರಂತೆ ನೆಡುವುದು. ಇಷ್ಟಕ್ಕೆ ನಾಟಿಯವರ ತಕರಾರಿಲ್ಲ. ಪಕ್ಕದ ಗದ್ದೆಯ ಇಬ್ಬರು ಯಾವ ತರಬೇತಿಗೂ ಹೋಗದೆ ಇದನ್ನು ನೋಡಿಯೇ ಕಲಿತರು.

ಬೆಲೆಯ ವಿಷಯಕ್ಕೆ ಬಂದರೆ ಯಾವ ಪಾಠವೂ ಕೈಗೆ ಬರಲಿಲ್ಲ. 2025-26ಕ್ಕೆ ಸಾಮಾನ್ಯ ಭತ್ತದ ಬೆಂಬಲ ಬೆಲೆ ಕ್ವಿಂಟಲಿಗೆ 2,369 ರೂಪಾಯಿ. ಅದಕ್ಕೆ ಕೊಡಬೇಕಾದರೆ ತೇವಾಂಶ ನೂರಕ್ಕೆ 17 ಮೀರಬಾರದು. ಕಟಾವು ಯಂತ್ರದಿಂದ ನೇರ ಟ್ರ್ಯಾಕ್ಟರಿಗೆ ಸುರಿದ ಭತ್ತ ಅದಕ್ಕಿಂತ ಹಸಿ ಇರುತ್ತದೆ. ಮೊದಲು ಮನೆಮನೆಗೂ ಕಣ ಇತ್ತು; ಈಗ ಒಣಗಿಸಲು ಡಾಂಬರು ರಸ್ತೆಯೇ ಗತಿ. ಮಳೆ ಮೋಡ ಕಂಡರೆ ದಲ್ಲಾಳಿ ಹೇಳಿದ ಬೆಲೆಗೆ ಗದ್ದೆ ಬದುವಿನಲ್ಲೇ ತೂಕ ಹಾಕುತ್ತೇವೆ, ಗದ್ದೆಯಲ್ಲಿ ಉಳಿಸಿದ್ದರಲ್ಲಿ ಒಂದು ಪಾಲು ಅಲ್ಲಿ ಹೋಗುತ್ತದೆ. ಅಂಗಡಿ ಬಾಕಿ ಇಲ್ಲದಿರುವುದರಿಂದ ಒಂದೆರಡು ವಾರ ಕಾಯುವ ಶಕ್ತಿ ಈಗ ಇದೆ. ಈ ಸಲ ನಾವು ಐದಾರು ಮನೆಯವರು ಸೇರಿ ದೊಡ್ಡ ಟಾರ್ಪಾಲುಗಳನ್ನು ಕೊಂಡಿದ್ದೇವೆ. ಸಾಲಾಗಿ ಒಬ್ಬರಾದ ಮೇಲೊಬ್ಬರು ಕಟಾವು ಮಾಡಿಸಿ ಒಣಗಿಸುವುದೆಂದು ಮಾತಾಗಿದೆ. ಯಂತ್ರದವನು ಅಷ್ಟು ದಿನ ನಮ್ಮೂರಲ್ಲೇ ನಿಲ್ಲಲು ಇನ್ನೂ ಒಪ್ಪಿಲ್ಲ.