18 ಕ್ಯಾಮೆರಾ, ಒಂದು ಅಡಿಕೆ ಅಂಗಳ: ರೆಕಾರ್ಡಿಂಗ್ ಸಾಫ್ಟ್‌ವೇರ್ ಆರಿಸಿದ ನನ್ನ ಅನುಭವ

ನಮ್ಮದು ತೀರ್ಥಹಳ್ಳಿ ಕಡೆಯ ಅಡಿಕೆ ಮನೆ. ಮನೆ, ಅಂಗಳ, ಚಪ್ಪರ, ಅಡಿಕೆ ಬೇಯಿಸುವ ಒಲೆ, ಕೊಟ್ಟಿಗೆ, ಗೋದಾಮು, ಗೇಟು, ತೋಟದ ತುದಿಯ ಪಂಪ್‌ಹೌಸ್ ಎಲ್ಲ ಸೇರಿ 18 ಕ್ಯಾಮೆರಾ. ಮೂರು ವರ್ಷ ಇವೆಲ್ಲ ಒಂದು ಎನ್‌ವಿಆರ್ (ಕ್ಯಾಮೆರಾ ವಿಡಿಯೊ ಉಳಿಸುವ) ಡಬ್ಬಿಗೆ ರೆಕಾರ್ಡ್ ಆಗುತ್ತಿದ್ದವು. ಟಿವಿಯಲ್ಲಿ 18 ಚೌಕ ಕಾಣುತ್ತಿತ್ತು. ಎಲ್ಲ ಸರಿ ಇದೆ ಅಂದುಕೊಂಡಿದ್ದೆವು.

ಹೋದ ಕೊಯ್ಲಿನಲ್ಲಿ ಚಪ್ಪರದಿಂದ ಎರಡು ಚೀಲ ಒಣ ಅಡಿಕೆ ಹೋಯಿತು. ಯಾವ ರಾತ್ರಿ ಅಂತ ಗೊತ್ತಾಗಲಿಲ್ಲ. ಹಿಂದಿನ ಸಲ ಚೀಲ ಎಣಿಸಿ ಐದು ದಿನ ಆಗಿತ್ತು. ನಾನು ಮತ್ತು ಅಪ್ಪಯ್ಯ ರೆಕಾರ್ಡಿಂಗ್ ನೋಡಲು ಕೂತೆವು. ಚಲನೆ ಕಂಡ ಕಡೆಯೆಲ್ಲ ಕೆಂಪು ಗೆರೆ ಹಾಕುವ ಸೌಲಭ್ಯ ಆ ಡಬ್ಬಿಯಲ್ಲಿತ್ತು. ಆದರೆ ರಾತ್ರಿ ಪೂರ್ತಿ ಕೆಂಪು! ಮಳೆ ಹನಿ, ದೀಪದ ಹುಳ, ಲೆನ್ಸಿನ ಮುಂದೆ ಜೇಡ ಕಟ್ಟಿದ ಬಲೆ, ಬೀಳುವ ಸೋಗೆ, ನಾಯಿ. ಮೂರು ದಿನ ನೋಡಿದರೂ ಮುಗಿಯಲಿಲ್ಲ. ಅಷ್ಟರಲ್ಲಿ ಡಿಸ್ಕ್ ತುಂಬಿ ಹಳೆಯ ದಿನಗಳು ಅಳಿಸಿಹೋಗತೊಡಗಿದವು. ಕಳ್ಳ ನಮ್ಮ ಡಿಸ್ಕಿನಲ್ಲೇ ಇದ್ದಿರಬೇಕು. ನಮ್ಮ ಕೈಗೆ ಸಿಗಲಿಲ್ಲ.

ಹೊಸ ಸಾಫ್ಟ್‌ವೇರ್ ಹುಡುಕುವಾಗ ನನ್ನ ಪ್ರಶ್ನೆ ಒಂದೇ ಆಗಿತ್ತು. ಯಾವುದೋ ಒಂದು ರಾತ್ರಿ ಅಂಗಳಕ್ಕೆ ಬಂದ ಮನುಷ್ಯನನ್ನು ಅಪ್ಪಯ್ಯ ಒಬ್ಬರೇ ಎಷ್ಟು ಹೊತ್ತಿನಲ್ಲಿ ಹುಡುಕಬಲ್ಲರು? ಅವರಿಗೆ 74 ವರ್ಷ. ನಾನು ವಾರಕ್ಕೆ ನಾಲ್ಕು ದಿನ ಶಿವಮೊಗ್ಗದಲ್ಲಿರುತ್ತೇನೆ. ಸೌಲಭ್ಯಗಳ ಪಟ್ಟಿ ಎಷ್ಟೇ ಉದ್ದ ಇರಲಿ, ಮನೆಯಲ್ಲಿರುವವರಿಗೆ ಬಳಸಲು ಬಾರದಿದ್ದರೆ ನಮಗೇನು ಉಪಯೋಗ?

ಮೊದಲು ಡಿಸ್ಕಿನ ಲೆಕ್ಕ ಮಾಡಿದೆ. ಇದೊಂದು ಲೆಕ್ಕ ಗೊತ್ತಿದ್ದರೆ ಯಾರೂ ನಿಮಗೆ ಸುಮ್ನೆ ದೊಡ್ಡ ಡಿಸ್ಕ್ ಮಾರಲಾರರು. ಸೆಕೆಂಡಿಗೆ 1 ಮೆಗಾಬಿಟ್ ವೇಗದ ವಿಡಿಯೊ ದಿನಕ್ಕೆ 10.8 ಜಿಬಿ ಜಾಗ ತಿನ್ನುತ್ತದೆ. ನನ್ನ ಕ್ಯಾಮೆರಾಗಳನ್ನು 3 ಮೆಗಾಬಿಟ್‌ಗೆ ಇಟ್ಟಿದ್ದೇನೆ. ಅಂದರೆ ಒಂದಕ್ಕೆ 32.4 ಜಿಬಿ, 18ಕ್ಕೆ ದಿನಕ್ಕೆ ಸುಮಾರು 583 ಜಿಬಿ. 8 ಟಿಬಿ ಡಿಸ್ಕ್ ಹದಿಮೂರು ದಿನಕ್ಕೆ ತುಂಬುತ್ತದೆ. ನನಗೆ ಒಂದು ತಿಂಗಳ ಹಿಂದಿನದೂ ಬೇಕಿತ್ತು. ಹಾಗಾಗಿ ಎಲ್ಲವನ್ನೂ ಒಂದು ವಾರ, ಮನುಷ್ಯ ಅಥವಾ ವಾಹನ ಕಂಡ ತುಣುಕುಗಳನ್ನು ಮಾತ್ರ 30 ದಿನ ಉಳಿಸುವ ಸಾಫ್ಟ್‌ವೇರ್ ಬೇಕು ಅಂತ ತೀರ್ಮಾನಿಸಿದೆ.

ಪಟ್ಟಿ ಬೇಗ ಚಿಕ್ಕದಾಯಿತು. ಮೈಲ್‌ಸ್ಟೋನ್ ಅನ್ನುವ ಸಾಫ್ಟ್‌ವೇರಿನ ಉಚಿತ ಆವೃತ್ತಿ 8 ಕ್ಯಾಮೆರಾಗಳಿಗೆ ಮಾತ್ರ ಇತ್ತು. ಸಿನಾಲಜಿ ಕಂಪನಿಯ ನ್ಯಾಸ್‌ನಲ್ಲಿ (ನೆಟ್‌ವರ್ಕಿಗೆ ಜೋಡಿಸುವ ಡಿಸ್ಕ್ ಡಬ್ಬಿ) ಎರಡು ಕ್ಯಾಮೆರಾಕ್ಕೆ ಲೈಸೆನ್ಸ್ ಜೊತೆಗೇ ಬರುತ್ತದೆ, ಆಮೇಲೆ ಪ್ರತಿ ಕ್ಯಾಮೆರಾಕ್ಕೂ ಕೊಳ್ಳಬೇಕು. ಚಿಕ್ಕ ಮನೆಗೆ ಇವು ಚೆನ್ನ, 18ಕ್ಕೆ ಲೆಕ್ಕ ಹೊಂದಲಿಲ್ಲ. ಉಳಿದದ್ದು ಎರಡು. ಒಂದು ಬ್ಲೂ ಐರಿಸ್: ವಿಂಡೋಸ್‌ನಲ್ಲಿ ಓಡುತ್ತದೆ, ಒಮ್ಮೆ ಹಣ ಕೊಟ್ಟರೆ 64 ಕ್ಯಾಮೆರಾವರೆಗೆ ನಡೆಯುತ್ತದೆ, ಎಲ್ಲ ಸೆಟ್ಟಿಂಗ್ ಮೌಸ್‌ನಲ್ಲೇ ಮಾಡಬಹುದು. ಇನ್ನೊಂದು ಫ್ರಿಗೇಟ್: ಉಚಿತ, ಓಪನ್ ಸೋರ್ಸ್, ಲಿನಕ್ಸ್‌ನಲ್ಲಿ ಡಾಕರ್ (ಸಾಫ್ಟ್‌ವೇರನ್ನು ಪ್ರತ್ಯೇಕ ಪೊಟ್ಟಣದಂತೆ ಓಡಿಸುವ ವ್ಯವಸ್ಥೆ) ಮೇಲೆ ಓಡುತ್ತದೆ. ಮನುಷ್ಯ, ಕಾರು, ನಾಯಿ ಅಂತ ಗುರುತಿಸುವ ಕೆಲಸವನ್ನೇ ಮುಖ್ಯವಾಗಿಟ್ಟುಕೊಂಡು ಕಟ್ಟಿದ್ದು.

ಎರಡನ್ನೂ ಪರೀಕ್ಷೆಗೆ ಹಾಕಿದೆ. ಕೆಲಸಕ್ಕೆ ಒಂದು ಹಳೆಯ ಆಫೀಸ್ ಕಂಪ್ಯೂಟರ್ ತಂದೆ: 8ನೇ ತಲೆಮಾರಿನ ಐ5. ಇಂಟೆಲ್ ಚಿಪ್‌ನ ಒಳಗೇ ಇರುವ ಗ್ರಾಫಿಕ್ಸ್ ಭಾಗ ಕುಗ್ಗಿಸಿ ಬಂದ ವಿಡಿಯೊವನ್ನು ಬಿಚ್ಚುವ (ಡಿಕೋಡ್) ಕೆಲಸಕ್ಕೆ ತುಂಬಾ ಚೆನ್ನಾಗಿದೆ. ಪ್ರತ್ಯೇಕ ಕಾರ್ಡ್ ಬೇಕಾಗಲಿಲ್ಲ. ಒಂದು ವಾರ ಬ್ಲೂ ಐರಿಸ್, ಮುಂದಿನ ವಾರ ಫ್ರಿಗೇಟ್. ಭಾವನಿಗೆ ಹೇಳಿದ್ದು ಇಷ್ಟು: "ಎರಡು ವಾರವೂ ಒಂದೊಂದು ರಾತ್ರಿ, ನಿಂಗೆ ಬೇಕಾದ ಹೊತ್ತಿಗೆ ಬಂದು ಚಪ್ಪರದಿಂದ ಒಂದು ಖಾಲಿ ಚೀಲ ಹೊತ್ಕೊಂಡು ಹೋಗು. ಯಾವತ್ತು ಅಂತ ನಂಗೂ ಹೇಳ್ಬೇಡ."

ಎರಡೂ ಹುಡುಕಿಕೊಟ್ಟವು. ಇದನ್ನು ಒತ್ತಿ ಹೇಳುತ್ತೇನೆ. ಮನೆಯಲ್ಲಿ ಒಳ್ಳೆಯ ವಿಂಡೋಸ್ ಕಂಪ್ಯೂಟರ್ ಇದ್ದು, ಫ್ರಿಗೇಟ್‌ನಂತೆ ಫೈಲಿನಲ್ಲಿ ಬರೆದು ಸೆಟ್ಟಿಂಗ್ ಮಾಡುವುದು ಬೇಡ ಅನ್ನುವವರು ಬ್ಲೂ ಐರಿಸ್ ತಗೊಳ್ಳಲಿ. ನಾನು ಫ್ರಿಗೇಟ್ ಇಟ್ಟುಕೊಂಡೆ. ನನಗೆ ಲಿನಕ್ಸ್ ರೂಢಿ ಇತ್ತು. ಅದಕ್ಕಿಂತ ಹೆಚ್ಚಾಗಿ, ಅಪ್ಪಯ್ಯನ ಟ್ಯಾಬ್‌ನಲ್ಲಿ ಬ್ರೌಸರ್ ತೆರೆದರೆ ಮನುಷ್ಯ ಕಂಡ ತುಣುಕುಗಳ ಚಿತ್ರಗಳೇ ಸಾಲಾಗಿ ಬರುತ್ತಿದ್ದವು. ಅವರು ಬೆರಳಲ್ಲಿ ಸರಿಸುತ್ತಾ ಹೋಗಿ ನಾಲ್ಕೇ ನಿಮಿಷದಲ್ಲಿ ಭಾವನನ್ನು ಹಿಡಿದರು. "ಇದ್ರಲ್ಲಿ ನಂಗೇ ಹುಡ್ಕಕ್ಕೆ ಬರತ್ತೆ. ಇದೇ ಇರ್ಲಿ ಬಿಡೋ" ಅಂದರು.

ಆದರೆ ಮೂರನೆಯ ವಾರ ಭಾವ ಕಂಬಳಿ ಕೊಪ್ಪೆ ಹಾಕಿಕೊಂಡು ಬಂದ. ಚಪ್ಪರದ ಕ್ಯಾಮೆರಾ ಅವನನ್ನು ಮನುಷ್ಯ ಅಂತ ಗುರುತಿಸಲೇ ಇಲ್ಲ. ಎರಡು ದಿನ ಸಾಫ್ಟ್‌ವೇರಿನಲ್ಲೇ ತಪ್ಪು ಹುಡುಕಿದೆ. ತಪ್ಪಿದ್ದದ್ದು ಕ್ಯಾಮೆರಾ ಇದ್ದ ಎತ್ತರದಲ್ಲಿ. 14 ಅಡಿ ಮೇಲಿಂದ ನೋಡಿದರೆ ಕೊಪ್ಪೆ ಹೊದ್ದ ಮನುಷ್ಯ ಒಂದು ಕಪ್ಪು ಉಂಡೆ. ಕೈಕಾಲು ಕಾಣುವುದಿಲ್ಲ, ನಡಿಗೆ ಕಾಣುವುದಿಲ್ಲ. ಕ್ಯಾಮೆರಾವನ್ನು 9 ಅಡಿಗೆ ಇಳಿಸಿ ಓರೆಯಾಗಿ ತಿರುಗಿಸಿದೆ. ಆಮೇಲೆ ಸಿಕ್ಕ. ಮಲೆನಾಡಿನಲ್ಲಿ ಮಳೆಗಾಲದಲ್ಲಿ ಕೊಪ್ಪೆ, ಛತ್ರಿ, ಪ್ಲಾಸ್ಟಿಕ್ ಹೊದ್ದವರೇ ಜಾಸ್ತಿ ಅಲ್ವಾ? ಹಾಗಾಗಿ ನಿಮ್ಮ ಪರೀಕ್ಷೆಯನ್ನು ಹಗಲು ಹೊತ್ತು, ಪ್ಯಾಂಟು ಶರ್ಟಿನಲ್ಲಿ ಮಾಡಬೇಡಿ.

ಇನ್ನೊಂದು ವಿಷಯ. ಫ್ರಿಗೇಟ್ ಜೊತೆಗೆ ಬರುವ ಗುರುತಿಸುವ ಮಾದರಿ (ಎಐ ಮಾಡೆಲ್) ಕಲಿತ ಪ್ರಾಣಿಗಳಲ್ಲಿ ನಾಯಿ, ಬೆಕ್ಕು, ದನ, ಹಕ್ಕಿ ಇವೆ. ಆನೆ, ಕರಡಿ, ಜಿರಾಫೆಯೂ ಇವೆ. ಮಂಗ ಇಲ್ಲ, ಹಂದಿ ಇಲ್ಲ. ಎದ್ದು ಕೂತ ಮುಸಿಯ ಕೆಲವೊಮ್ಮೆ ಮನುಷ್ಯ ಅಂತಲೇ ಬರುತ್ತದೆ. ಮಂಗಗಳು ಹಗಲು ಬರುತ್ತವೆ, ನನ್ನ ಚಿಂತೆ ರಾತ್ರಿಯದು. ಆದ್ದರಿಂದ ಹೋಮ್ ಅಸಿಸ್ಟೆಂಟ್ (ಮನೆಯ ಉಪಕರಣಗಳನ್ನು ನಿಯಂತ್ರಿಸುವ ಉಚಿತ ಸಾಫ್ಟ್‌ವೇರ್) ಮೂಲಕ ರಾತ್ರಿ 10ರಿಂದ ಬೆಳಗ್ಗೆ 5ರವರೆಗೆ, ಚಪ್ಪರ ಮತ್ತು ಗೋದಾಮಿನ ಜಾಗದಲ್ಲಿ ಮನುಷ್ಯ ಕಂಡರೆ ಮಾತ್ರ ಮೊಬೈಲ್‌ಗೆ ಸಂದೇಶ ಬರುವಂತೆ ಮಾಡಿದೆ. ಹಗಲಿನದು ರೆಕಾರ್ಡ್ ಆಗುತ್ತದೆ, ಫೋನ್ ಸುಮ್ಮನಿರುತ್ತದೆ.

ಹೊಂದಿಸುವಾಗ ಹೆಚ್ಚು ಹೊತ್ತು ತಿಂದದ್ದು ಕ್ಯಾಮೆರಾದ ಒಳಗಿನ ಸೆಟ್ಟಿಂಗ್‌ಗಳು. ಪ್ರತಿ ಕ್ಯಾಮೆರಾವೂ ಎರಡು ವಿಡಿಯೊ ಕೊಡುತ್ತದೆ. ದೊಡ್ಡದನ್ನು ಹಾಗೇ ಡಿಸ್ಕಿಗೆ ಬರೆಸಬೇಕು. 640×360ರಷ್ಟು ಚಿಕ್ಕದನ್ನು ಸೆಕೆಂಡಿಗೆ 5 ಫ್ರೇಮ್‌ನಲ್ಲಿ ಗುರುತಿಸಲು ಕೊಡಬೇಕು. ದೊಡ್ಡದನ್ನೇ ಗುರುತಿಸಲು ಕೊಟ್ಟರೆ 18 ಕ್ಯಾಮೆರಾಕ್ಕೆ ಪ್ರೊಸೆಸರ್ ಏದುಸಿರು ಬಿಡುತ್ತದೆ. ಜಾಗ ಉಳಿಸುವ 'ಸ್ಮಾರ್ಟ್' ಅಥವಾ 'ಪ್ಲಸ್' ಕೋಡೆಕ್ (ವಿಡಿಯೊ ಕುಗ್ಗಿಸುವ ವಿಧಾನ) ಇದ್ದರೆ ಆಫ್ ಮಾಡಿ. ಐ ಫ್ರೇಮ್ (ಪೂರ್ತಿ ಚಿತ್ರ ಇರುವ ಫ್ರೇಮ್) ಅಂತರವನ್ನು ಸೆಕೆಂಡಿನ ಫ್ರೇಮ್ ದರಕ್ಕೆ ಸಮ ಮಾಡಿ. 15 ಫ್ರೇಮ್ ಇದ್ದರೆ ಅಂತರವೂ 15. ಇಲ್ಲದಿದ್ದರೆ ತುಣುಕು ತೆರೆಯುವುದೇ ತಡವಾಗುತ್ತದೆ. ಎಚ್.265 ಅನ್ನುವ ಕೋಡೆಕ್ ಹಳೆಯ ಎಚ್.264ಕ್ಕಿಂತ ಜಾಗ ಉಳಿಸುತ್ತದೆ ನಿಜ. ಅಪ್ಪಯ್ಯನ ಟ್ಯಾಬ್‌ನ ಬ್ರೌಸರಿನಲ್ಲಿ ಅದು ಓಡಲಿಲ್ಲ, ಹಾಗಾಗಿ ಎಚ್.264ರಲ್ಲೇ ಉಳಿದೆ.

ಕ್ಯಾಮೆರಾಗಳಿಗೆ ಇಂಟರ್‌ನೆಟ್ ಕೊಟ್ಟಿಲ್ಲ. ಕಂಪ್ಯೂಟರಿಗೆ ಎರಡನೆಯ ನೆಟ್‌ವರ್ಕ್ ಕಾರ್ಡ್ ಹಾಕಿ ಅವುಗಳನ್ನು ಬೇರೆ ಜಾಲದಲ್ಲಿಟ್ಟೆ. ಹೀಗೆ ಮಾಡಿದ ಮೇಲೆ ಅವುಗಳ ಗಡಿಯಾರ ಜಾರತೊಡಗಿತು. ಎರಡು ತಿಂಗಳಲ್ಲಿ ಗೇಟಿನ ಕ್ಯಾಮೆರಾ ಮೂರು ನಿಮಿಷ ಹಿಂದೆ. ಈಗ ಈ ಕಂಪ್ಯೂಟರೇ ಎಲ್ಲಕ್ಕೂ ಸಮಯ ಹೇಳುತ್ತದೆ. ಇದನ್ನು ಸಣ್ಣ ವಿಷಯ ಅಂದುಕೊಳ್ಳಬೇಡಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಇಂಥ ವಿಡಿಯೊ ಕೋರ್ಟಿಗೆ ಹೋಗುವಾಗ ಜೊತೆಗೆ ಪ್ರಮಾಣಪತ್ರ ಬೇಕು, ಅದರಲ್ಲಿ ಫೈಲಿನ ಹ್ಯಾಶ್ (ಫೈಲ್ ಬದಲಾಗಿಲ್ಲ ಅಂತ ತೋರಿಸುವ ಗುರುತು ಸಂಖ್ಯೆ) ಬರೆಯಬೇಕು. ಗೇಟಿನದೊಂದು ಸಮಯ, ಚಪ್ಪರದ್ದೊಂದು ಸಮಯ ಆದರೆ ಯಾರು ನಂಬುತ್ತಾರೆ?

ಶಿವಮೊಗ್ಗದಿಂದ ನೋಡಲು ಟೇಲ್‌ಸ್ಕೇಲ್ (ನನ್ನ ಸಾಧನಗಳನ್ನಷ್ಟೇ ಜೋಡಿಸುವ ಖಾಸಗಿ ಜಾಲ) ಬಳಸುತ್ತೇನೆ. ನಮ್ಮ ಇಂಟರ್‌ನೆಟ್‌ನಲ್ಲಿ ಹಲವು ಮನೆಗಳಿಗೆ ಒಂದೇ ಪಬ್ಲಿಕ್ ವಿಳಾಸ, ಹೊರಗಿನಿಂದ ನೇರ ಒಳಬರಲು ಪೋರ್ಟ್ (ದಾರಿ) ತೆರೆಯಲು ಆಗುವುದಿಲ್ಲ. ಆಗಿದ್ದರೂ ತೆರೆಯುತ್ತಿರಲಿಲ್ಲ. ಕರೆಂಟ್ ಹೋಗಿ ಬಂದಾಗ ಕಂಪ್ಯೂಟರ್ ತಾನೇ ಏಳುವಂತೆ ಬಯೋಸ್‌ನಲ್ಲಿ (ಕಂಪ್ಯೂಟರಿನ ಮೂಲ ಸೆಟ್ಟಿಂಗ್) ಹೇಳಿದ್ದೇನೆ. ಪಂಪ್‌ಹೌಸ್ 140 ಮೀಟರ್ ದೂರ. ನೆಟ್‌ವರ್ಕ್ ಕೇಬಲ್ ನೂರು ಮೀಟರಿಗೆ ಮಾತ್ರ, ಅದಕ್ಕೆ ಫೈಬರ್ ಎಳೆಸಿದೆ. ಏಪ್ರಿಲ್ ಗುಡುಗಿಗೆ ಲೋಹವಿಲ್ಲದ ಫೈಬರ್ ಸಿಡಿಲನ್ನು ಮನೆಯೊಳಗೆ ಹೊತ್ತು ತರುವುದಿಲ್ಲ ಅನ್ನುವ ಸಮಾಧಾನವೂ ಇದೆ.

ಅಡಿಕೆ ಸುಲಿಯಲು ಬರುವ ಹೆಂಗಸರು ಇಡೀ ದಿನ ಕೂರುವುದು ಚಪ್ಪರದ ಪಕ್ಕದ ಜಗಲಿಯಲ್ಲಿ. ಅವರ ಮಾತು, ಊಟ, ಮಗುವಿಗೆ ಹಾಲು ಕೊಡುವುದು ಎಲ್ಲ ಅಲ್ಲೇ. ಹಳೆಯ ಡಬ್ಬಿಯಲ್ಲಿ ಇದೆಲ್ಲ ರೆಕಾರ್ಡ್ ಆಗುತ್ತಿತ್ತು ಅಂತ ನೆನೆದರೆ ಈಗಲೂ ಬೇಸರವಾಗುತ್ತದೆ. ಈ ಕೊಯ್ಲಿನಿಂದ ಎಲ್ಲ ಕ್ಯಾಮೆರಾದ ಧ್ವನಿ ಆಫ್ ಮಾಡಿದ್ದೇನೆ. ಜಗಲಿಯ ಕ್ಯಾಮೆರಾ ಬೆಳಗ್ಗೆ 8ಕ್ಕೆ ತಾನೇ ನಿಲ್ಲುತ್ತದೆ, ಸಂಜೆ ಅವರು ಮನೆಗೆ ಹೊರಟ ಮೇಲೆ ಅಪ್ಪಯ್ಯ ಟ್ಯಾಬ್‌ನಲ್ಲಿ ಶುರು ಮಾಡುತ್ತಾರೆ. ಮೊದಲ ದಿನ ಅವರೆಲ್ಲರನ್ನೂ ಕರೆದು, ಪರದೆಯಲ್ಲಿ ಆ ಚೌಕ ಕಪ್ಪಾಗಿರುವುದನ್ನು ತೋರಿಸಿದೆ.